ಹಲ್ಲಿಲ್ಲದ ಬೂಟು

ನೀರು ಮುಟ್ಟಿಸುವ ಮೊದಲು
ಒಣಗಿದ್ದನ್ನು ಒಣಗಿದ ಹಾಗೇ ಉದುರಿಸಬೇಕು,
ಒದ್ದೆ ಮಾಡಿದರೆ ಕೆಸರು ಮತ್ತೆ ಕೆಸರೇ.
ಮೆಟ್ಟಿಲ ಮೇಲೆ ಹಿಮ್ಮಡಿಗೆ ಹಿಮ್ಮಡಿ ಕುಟ್ಟಿದೆ.
ಬಿತ್ತು ಒಂದು ಹಿಡಿ ಹೊಳೆ,
ಮರಿಕೀನಾ ನದಿ ನಮ್ಮ ಅಡುಗೆಮನೆಗೆ ಬಂದ ವರ್ಷದ್ದು.
ಅವತ್ತು ತಗಡಿನ ಮಾಡು ಹತ್ತುವಾಗ
ನಾನು ಅಕ್ಕಿ ಡಬ್ಬ ತಬ್ಬಿದ್ದೆ,
ಫೌಸ್ತಿನೊ ಈ ಜೋಡಿಯನ್ನು.
ಎಷ್ಟು ಬೈದೆ!
ಅಕ್ಕಿಯೂ ನೆನೆಯಿತಲ್ಲ, ಅಂದ.

ಹನ್ನೊಂದು ವರ್ಷದಿಂದ ಅವನಿಲ್ಲ.
ಇದು ಮಂಚದ ಕೆಳಗೆ, ಪೆಟ್ಟಿಗೆಯಲ್ಲಿ.
ಮೊನ್ನೆ ಜೆಸ್ರೀಲ್ ಕೇಳಿದಳು:
ಲೋಲಾ, ಇದನ್ನ ಯಾರೂ ಹಾಕೋದಿಲ್ಲವಾ?
ಹದಿನಾಲ್ಕಕ್ಕೇ ದೀಪದ ಕಂಬದ ಅರ್ಧ ಬೆಳೆದ ಮೊಮ್ಮಗಳು.
ಆ ಕಂಬಕ್ಕೇ ಬಡಿದ ಕಬ್ಬಿಣದ ಬಳೆಗೆ
ಹವಾಯಿ ಚಪ್ಪಲಿಯಲ್ಲಿ ಹಾರಿ ಚೆಂಡು ಹಾಕುತ್ತಾಳೆ,
ಚೆಂಡು ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ.

ಉಗುರುಬೆಚ್ಚನೆ ನೀರು, ಸೋಪಿನ ಚೂರು,
ಕೂದಲು ಕೆದರಿದ ಹಲ್ಲುಜ್ಜುವ ಬ್ರಷ್ಷು.
ಒತ್ತಬಾರದು, ಸುತ್ತಬೇಕು,
ಎಳೆಗೂಸಿನ ನೆತ್ತಿ ತಿಕ್ಕುವ ಹಾಗೆ.
ಕಪ್ಪು ಕಲೆಗೆ ಕಲಮಾನ್ಸಿ ಹೋಳು.
ಹಳದಿಗಟ್ಟಿದ ರಬ್ಬರಿಗೆ
ಗಾಯ ತೊಳೆಯುವ ಪೆರಾಕ್ಸೈಡಿಗೆ ಅಡುಗೆ ಸೋಡಾ ಕಲಸಿ ಬಳಿದು
ಪ್ಲಾಸ್ಟಿಕ್ ಹೊದಿಸಿ ಮಾಡಿನ ಬಿಸಿಲಿಗಿಟ್ಟೆ.
ಆಗಾಗ ಹೊರಳಿಸುವುದು, ಒಣಮೀನಿನಂತೆ.
ಪಕ್ಕದ ಮನೆಯ ಬೆಕ್ಕು ಎರಡು ಸಲ ಬಂದು
ಮೂಸಿ, ನನ್ನ ಮುಖ ನೋಡಿ ಹೋಯಿತು.
ಸಂಜೆಗೆ ಬಿಳುಪು ಬಂತು,
ಅನ್ನದ ಬಿಳುಪಲ್ಲ, ಗಂಜಿಯದು.
ಸಾಕು.

ಅಟ್ಟೆ ಮಾತ್ರ ಕೈಕೊಟ್ಟಿತು.
ಹೆಬ್ಬೆರಳಲ್ಲಿ ಒತ್ತಿದರೆ
ಪೊಲ್ವೊರೊನ್ ಮಿಠಾಯಿಯ ಹಾಗೆ ಪುಡಿ ಪುಡಿ.
ಓಡಿದ ಬೂಟು ಸವೆಯುತ್ತದೆ,
ಕೂತ ಬೂಟು ಒಳಗೊಳಗೇ ಸಾಯುತ್ತದೆ.
ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಅಟ್ಟೆ ಹೊಲಿದವಳಿಗೆ
ಇದನ್ನು ಬೇರೆ ಯಾರಾದರೂ ಹೇಳಬೇಕೆ?
ಆದರೂ ಇಟ್ಟಿದ್ದೆ.

ಕೆರೆದು ತೆಗೆದೆ. ಒಳಹಾಸು ಎಬ್ಬಿಸಲು
ಚಮಚದ ಹಿಡಿ ತೂರಿಸಿದೆ.
ಅದರಾಚೆ, ಬೆರಳುಗಳ ಗೂಡಿನಲ್ಲಿ,
ಏನೋ ಮೆತ್ತಗೆ ತಡೆಯಿತು.
ಎಳೆದರೆ ಬಟ್ಟೆ. ಇನ್ನೂ ಬಟ್ಟೆ.
ನೀಲಿ, ಬಿಳಿ ಅಂಚು,
ನನ್ನ ಕಾರ್ಖಾನೆಯ ಏಪ್ರನ್ನು!
ಎಡಗಾಲಿನಲ್ಲಿ ಅರ್ಧ, ಬಲಗಾಲಿನಲ್ಲಿ ಅರ್ಧ.

ಇದನ್ನು ಕದ್ದಳೆಂದು
ನಾದಿನಿ ಕ್ಲೆಮೆನ್ಸಿಯಾ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ.

ರಫ್ತಿಗೆ ಹೋಗದೆ ಉಳಿದ ಜೋಡಿ ಅದು,
ಪಕ್ಕದ ಪಟ್ಟಿ ಸೊಟ್ಟ ಬಿದ್ದಿತ್ತು.
ಮೂರು ವಾರದ ಕೂಲಿಯಲ್ಲಿ ಮುರಿಸಿಕೊಂಡು ತಂದೆ.
ಅಳತೆ ಕೇಳಲಿಲ್ಲ. ಕೇಳುವುದೇನು,
ಬೀದಿಯಲ್ಲಿ ಹೋಗುವವರ ಪಾದವನ್ನು
ಕಣ್ಣಲ್ಲೇ ಅಳೆದು ಹೇಳುವವಳು ನಾನು.
ಹಾಕಿ ಎರಡು ಸುತ್ತು ಓಡಿ ಬಂದ.
ಕಚ್ಚುತ್ತದಾ ಅಂದೆ.
ಇದಕ್ಕೆ ಹಲ್ಲೇ ಇಲ್ಲ ಅಂದ.

ಹೌದಲ್ಲ, ಹಲ್ಲು ಎಲ್ಲಿಂದ ಬರಬೇಕು,
ಎರಡು ನಂಬರು ದೊಡ್ಡದು!
ಹದಿಮೂರು ವರ್ಷ ಬೀದಿ ಪಂದ್ಯ ಆಡಿದ,
ಜಾರಿ ಬಿದ್ದಾಗಲೆಲ್ಲ ನೆಲವನ್ನೇ ಬೈದ.
ನಾನೂ ಅವನ ಜೊತೆ ಸೇರಿ ನೆಲವನ್ನೇ ಬೈದೆ.

ದೀಪ ಹಚ್ಚುವ ಹೊತ್ತಿಗೆ ಹಳೇ ಲಾರಿ ಟೈರಿನಿಂದ
ಹೊಸ ಅಟ್ಟೆ ಕೊಯ್ದೆ. ಅಂಟು ಬಳಿದು, ಕಾದು, ಒತ್ತಿ,
ಅಂಚಿಗೆ ಮೇಣದ ದಾರದ ಹೊಲಿಗೆ ಹಾಕಿದೆ.
ಕಣ್ಣು ಮೊದಲಿನಂತಿಲ್ಲ, ಬೆರಳಿಗೆ ನೆನಪಿದೆ.

ಇವತ್ತು ಬೆಳಿಗ್ಗೆ ಜೆಸ್ರೀಲ್ ಕಾಲು ತೂರಿಸಿದಳು,
ಏನೂ ತುರುಕದೆ.
ಕುಣಿದಳು, ನಿಂತಳು, ಮುಖ ಕಿವುಚಿದಳು:
ಹಿಮ್ಮಡಿ ಹತ್ತಿರ ಸ್ವಲ್ಪ ಕಚ್ಚುತ್ತೆ, ಲೋಲಾ.
ನಾನು ನಕ್ಕ ರಭಸಕ್ಕೆ ಹುಡುಗಿ ಹೆದರಿದಳು.

ಏಪ್ರನ್ನು ಒಗೆದು ತಂತಿಗೆ ಹಾಕಿದ್ದೇನೆ,
ಲೇಸುಗಳ ಪಕ್ಕದಲ್ಲಿ.
ಒಣಗಿದ ಮೇಲೆ ಕ್ಲೆಮೆನ್ಸಿಯಾ ಮನೆಗೆ ಹೋಗಬೇಕು.
ಅವಳಿಗೀಗ ಕಿವಿ ಮಂದ,
ಗಟ್ಟಿಯಾಗಿ ಹೇಳಬೇಕಾಗುತ್ತದೆ,
ಬೀದಿಗೆಲ್ಲ ಕೇಳುವ ಹಾಗೆ.